ಬಾಡಿಗೆಯ ತಂಪು

ಆಟ ಜೋರಾದಾಗಲೆಲ್ಲ ಲ್ಯಾಪ್‌ಟಾಪ್ ಕಾದು ಕೆಂಡವಾಗಿ ತಾನೇ ಆಫ್ ಆಗುತ್ತಿತ್ತು. ಏಪ್ರಿಲ್ ಸೆಕೆ ಬೇರೆ. ಮೊಮ್ಮಗ ತಾತನ ಕೋಣೆಯ ಟೇಬಲ್ ಫ್ಯಾನನ್ನೇ ಎತ್ತಿ ತಂದು ಅದರ ಮುಂದಿಟ್ಟ. ಸಾಲಲಿಲ್ಲ. ಟೂರ್ನಮೆಂಟಿನ ಫೈನಲ್ ದಿನ, ಹೆಣ ಇಡುವ ಫ್ರೀಜರ್ ಪೆಟ್ಟಿಗೆಯನ್ನು ಬಾಡಿಗೆಗೆ ತರಿಸಿದ. ಲ್ಯಾಪ್‌ಟಾಪ್ ಇಡುವ ಮೊದಲು ಚೆನ್ನಾಗಿ ತಣ್ಣಗಾಗಲಿ ಎಂದು ಹಾಲ್‌ನಲ್ಲಿ ಪ್ಲಗ್ ಹಾಕಿಟ್ಟ.

ಅಷ್ಟರಲ್ಲಿ ಬೀದಿಯವರು ಹಾರ ಹಿಡಿದು ಗೇಟಿಗೆ ಬಂದರು.

"ಯಜಮಾನರು ಎಷ್ಟು ಹೊತ್ತಿಗೆ ಹೋದ್ರಪ್ಪ?" ಎದುರುಮನೆಯ ಗಂಗಾಧರಯ್ಯ ಕೇಳಿದರು.

"ಯಾರೂ ಹೋಗಿಲ್ಲ ಅಂಕಲ್. ಪೆಟ್ಟಿಗೆ ತರಿಸಿದ್ದು ನನ್ನ ಲ್ಯಾಪ್‌ಟಾಪಿಗೆ."

"ಪಾಪ, ದುಃಖದಲ್ಲಿ ಏನೇನೋ ಮಾತಾಡ್ತಿದಾನೆ," ಎಂದು ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬನ್ನಿ, ನೀವೇ ನೋಡಿ. ತಾತ ಒಳಗೆ ಪೇಪರ್ ಓದ್ತಿದಾರೆ."

ಎಲ್ಲರೂ ಹಾಲ್‌ಗೆ ಬಂದರು. ಪೇಪರ್ ನೆಲದ ಮೇಲಿತ್ತು. ತಾತ ಪೆಟ್ಟಿಗೆಯೊಳಗೆ, ಗಾಜಿನ ಮುಚ್ಚಳದ ಕೆಳಗೆ, ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಮಲಗಿದ್ದರು. ಬಂದವರು ಕೈಮುಗಿದರು. ಮೊಮ್ಮಗ ಓಡಿಹೋಗಿ ಮುಚ್ಚಳ ಎತ್ತಿದ.

"ತಾತ..."

"ಮುಚ್ಚೋ, ತಂಪೆಲ್ಲ ಹೋಗತ್ತೆ."