ತುರ್ತು ಸಂಪರ್ಕದ ಕಾಲಂ

ಅರ್ಜಿ ಹಾಕಲು ಅದೇ ಕೊನೆಯ ದಿನ... ಸಂಜೆ ಐದಕ್ಕೆ ಕೌಂಟರ್ ಮುಚ್ಚಬೇಕು.

ಹುಬ್ಬಳ್ಳಿ ಕಡೆಯ ಒಂದು ವಿಶ್ವವಿದ್ಯಾಲಯ. ಅಲ್ಲಿಯ ಉದ್ಯೋಗ ಮಾರ್ಗದರ್ಶನ ಕೇಂದ್ರದಲ್ಲಿ ಡಿಗ್ರಿ ಕೊನೆಯ ವರ್ಷದ ಮಕ್ಕಳಿಗೆ ಫೈನಾನ್ಸ್ ತರಬೇತಿ ಕೊಡುತ್ತಾರೆ. ಎರಡು ತಿಂಗಳು ಬೆಳಗಾವಿಯಲ್ಲಿದ್ದು ಕಲಿಯಬೇಕು. ಊಟ, ವಸತಿ ಉಚಿತ. ಮುಗಿಸಿದವರಿಗೆ ಬ್ಯಾಂಕುಗಳಿಂದ ಕೆಲಸದ ಕರೆ ಬರುತ್ತದೆ.

ಅರ್ಜಿ ತೆಗೆದುಕೊಳ್ಳುವವರು ಇಂದುಮತಿ ಮೇಡಂ. ವಯಸ್ಸು ಐವತ್ತೆರಡು.

ಅವರದೊಂದು ಪದ್ಧತಿ... ಫಾರ್ಮಿನ 'ತುರ್ತು ಸಂಪರ್ಕ' ಕಾಲಂನಲ್ಲಿ ಬರೆದ ನಂಬರಿಗೆ ವಿದ್ಯಾರ್ಥಿಯ ಎದುರಿಗೇ ಫೋನ್ ಹಚ್ಚುತ್ತಾರೆ. ಆ ಕಡೆಯಿಂದ ಒಬ್ಬರು "ಹೌದ್ರೀ, ನಮ್ಮ ಹುಡುಗೀನ" ಎಂದರೆ ಮಾತ್ರ ಸೀಲು.

ಹಿಂದೊಮ್ಮೆ ತರಬೇತಿಯಲ್ಲಿ ಒಬ್ಬಳು ತಲೆಸುತ್ತಿ ಬಿದ್ದಿದ್ದಳು. ಅವಳು ಬರೆದ ನಂಬರಿಗೆ ಇಡೀ ದಿನ ಫೋನ್ ಮಾಡಿದರೂ ಯಾರೂ ಎತ್ತಿರಲಿಲ್ಲ. ಅಂದಿನಿಂದ ಈ ಪದ್ಧತಿ... ಹನ್ನೊಂದು ವರ್ಷವಾಯಿತು.

ನಾಲ್ಕೂವರೆಗೆ ನೀಲಗಂಗಾ ಎಂಬ ಹುಡುಗಿಯ ಸರದಿ ಬಂತು. ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

ಮುತ್ತಿನಂಥ ಅಕ್ಷರ. ಅಂಕಗಳೂ ಚೆನ್ನಾಗಿವೆ.

ತುರ್ತು ಸಂಪರ್ಕ: ಎನ್. ಎಸ್. ಕುಕನೂರ. ಸಂಬಂಧ: ಮನೆಯವರು.

"ಅಪ್ಪಾರೇನವಾ?" ಎನ್ನುತ್ತಲೇ ಮೇಡಂ ನಂಬರ್ ಒತ್ತಿದರು. ಹುಡುಗಿ ಬ್ಯಾಗನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

ಅವಳ ಬ್ಯಾಗಿನಲ್ಲಿ ಫೋನ್ ರಿಂಗಾಗತೊಡಗಿತು.

"ಏ ಅಕ್ಕಾ, ಎತ್ತಲೇ! ಪಾಪ, ಯಾವನೋ ಕಾಯಾಕತ್ತಾನ!" ಹಿಂದೆ ನಿಂತ ಹುಡುಗಿ ಕಿಚಾಯಿಸಿದಳು. ಸಾಲೆಲ್ಲ ನಕ್ಕಿತು.

"ಅದನ್ನ ಸೈಲೆಂಟ್ ಇಡು ತಂಗಿ. ನಾ ನಿಮ್ಮ ಮನಿಗೆ ಹಚ್ಚೀನಿ."

ಹುಡುಗಿ ಬ್ಯಾಗ್ ತೆರೆಯಲೇ ಇಲ್ಲ.

ಆ ಕಡೆ ಯಾರೂ ಎತ್ತಲಿಲ್ಲ. ಮೇಡಂ ಕಟ್ ಮಾಡಿದರು... ಬ್ಯಾಗ್ ಸುಮ್ಮನಾಯಿತು.

ಮತ್ತೆ ಹಚ್ಚಿದರು... ಬ್ಯಾಗಿನಲ್ಲಿ ಮತ್ತೆ ರಿಂಗಾಯಿತು.

ಮೇಡಂ ಫಾರ್ಮಿನ ಮೇಲ್ತುದಿಯ ಹೆಸರು ನೋಡಿದರು. ನೀಲಗಂಗಾ ಕುಕನೂರ. ಕೆಳಗೆ ನೋಡಿದರು. ಎನ್. ಎಸ್. ಕುಕನೂರ. ಹುಡುಗಿಯ ಕಣ್ಣು ನೆಲದ ಮೇಲಿತ್ತು.

ಮೇಡಂ ಫೋನ್ ಕೆಳಗಿಟ್ಟರು. "ಉಳಿದವ್ರು ಚಹಾ ಕುಡದ ಬರ್ರಿ, ಹತ್ತು ನಿಮಿಷ. ನೀ ಕೂಡು."

ಕೋಣೆ ಖಾಲಿಯಾಯಿತು.

"ನಿನ್ನ ನಂಬರ್ ನೀನ ಬರದೀಯಲ್ಲವಾ... ಯಾಕ?"

"ಬರಿಯಾಕ ಯಾರೂ ಇಲ್ರೀ ಮೇಡಂ. ಅಪ್ಪ-ಅವ್ವ ನಾ ಸಣ್ಣಾಕಿ ಇದ್ದಾಗ ಹೋದ್ರು. ಬೆಳಿಸಿದ ಅಜ್ಜಿನೂ ಹ್ವಾದ ವರ್ಷ ಹೋದ್ಲು."

"ಬ್ಯಾರೆ ಬಳಗ?"

"ಸೋದರಮಾವ ಅದಾನ್ರೀ. ಲಗ್ನ ಮಾಡ್ತೀನಿ ಅಂದ. ಓದು ಮುಗೀಲಿ ಅಂದೆ. ಅವತ್ತಿಂದ ನನ್ನ ನಂಬರ್ ಬ್ಲಾಕ್ ಮಾಡ್ಯಾನ."

"ಗೆಳತ್ಯಾರು?"

"ಕೇಳಿದೆ. ನಿನ್ನ ಜವಾಬ್ದಾರಿ ನಮಗ್ಯಾಕ ಬೇಕು ಅಂದ್ರು..." ಅವಳು ಬ್ಯಾಗಿನ ಜಿಪ್ಪನ್ನು ಎಳೆದಳು, ಮುಚ್ಚಿದಳು. "ಈ ತಿಂಗಳಿಗೆ ಹಾಸ್ಟೆಲ್ ಬಿಡಬೇಕ್ರೀ. ಈ ಸೀಟು ತಪ್ಪಿದ್ರ ಮಾವನ ಮನಿ ಒಂದ ದಾರಿ. ಅಲ್ಲಿ ಹೋದ್ರ ಲಗ್ನ..."

ಇಂದುಮತಿ ಮೇಡಂ ಫಾರ್ಮನ್ನು ತಮ್ಮ ಕಡೆ ಎಳೆದುಕೊಂಡರು.

ಪೆನ್ನು ತೆಗೆದು ಎನ್. ಎಸ್. ಕುಕನೂರ ಎಂಬುದನ್ನೂ ಆ ನಂಬರನ್ನೂ ಹೊಡೆದುಹಾಕಿದರು. ಪಕ್ಕದಲ್ಲಿ ತಮ್ಮ ಹೆಸರು, ತಮ್ಮ ನಂಬರ್ ಬರೆದರು.

ಸಂಬಂಧದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು... 'ಮನೆಯವರು' ಎಂಬ ಪದವನ್ನು ಹಾಗೆಯೇ ಬಿಟ್ಟರು.

ಸೀಲು ಬಿತ್ತು.

ನೀಲಗಂಗಾ ಅಳಲಿಲ್ಲ. ಹೊರಡಲೂ ಇಲ್ಲ. ಮೇಡಂ ಕೊರಳಲ್ಲಿ ತೂಗುತ್ತಿದ್ದ ಐಡಿ ಕಾರ್ಡನ್ನೇ ನೋಡುತ್ತಿದ್ದಳು. ಅದು ಹಿಂದುಮುಂದಾಗಿತ್ತು. ಹಿಂಬದಿಯಲ್ಲೂ ಅದೇ ಎರಡು ಪದ... ತುರ್ತು ಸಂಪರ್ಕ. ಕೆಳಗೊಂದು ನಂಬರ್.

"ಮೇಡಂ, ಇದು ಯಾರ ನಂಬರ್ ರೀ? ಲ್ಯಾಂಡ್‌ಲೈನ್ ಇದ್ದಂಗ ಐತಲ್ರೀ?"

"ನಮ್ಮ ಅವ್ವಂದು."

"ಈಗ ಹತ್ತತೈತೇನ್ರೀ?"

ಮೇಡಂ ಕಾರ್ಡನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

ತಾಯಿ ತೀರಿಕೊಂಡ ವರ್ಷವೇ ಆ ಲೈನ್ ತೆಗೆಸಿದ್ದರು. ಆರು ವರ್ಷ... ಹೊಸ ಕಾರ್ಡ್ ಕೊಡುವಾಗಲೆಲ್ಲ ಆಫೀಸಿನವರು "ಬದಲಾವಣೆ ಏನಾದರೂ ಇದೆಯಾ?" ಎಂದು ಕೇಳುತ್ತಿದ್ದರು. ಇವರು "ಏನಿಲ್ಲ" ಎನ್ನುತ್ತಿದ್ದರು. ಬದಲಾಯಿಸಿ ಯಾರ ಹೆಸರು ಬರೆಯುವುದು?

ಹನ್ನೊಂದು ವರ್ಷ ಊರಿನವರ ನಂಬರಿಗೆಲ್ಲ ಫೋನ್ ಹಚ್ಚಿ ಪರೀಕ್ಷಿಸಿದವರು... ತಮ್ಮ ಕೊರಳಲ್ಲೇ ಇದ್ದ ನಂಬರಿಗೆ ಈ ಆರು ವರ್ಷದಲ್ಲಿ ಒಮ್ಮೆಯೂ ಹಚ್ಚಿರಲಿಲ್ಲ.

ಹುಡುಗಿಗೆ ಅರ್ಥವಾಯಿತು.

ಮೇಜಿನ ಮೇಲಿದ್ದ ಚೀಟಿ ಎಳೆದುಕೊಂಡು ಹತ್ತು ಅಂಕಿ ಬರೆದಳು. ಕಾರ್ಡಿನ ಹಿಂಬದಿಗೆ ಗಮ್ ಟೇಪಿನಿಂದ ಅಂಟಿಸಿದಳು. ಟೇಪು ಸ್ವಲ್ಪ ಸೊಟ್ಟಗಾಯಿತು.

"ಈಗ ಹಚ್ಚಿ ನೋಡ್ರೀ ಮೇಡಂ."

"ಹುಚ್ಚಿ... ಎದುರಿಗೇ ಕೂತೀಯಲ್ಲ!"

"ಎದುರಿಗೇ ಹಚ್ಚಬೇಕಲ್ರೀ? ನಿಮ್ಮದ ರೂಲು."

ಮೇಡಂ ಚೀಟಿ ನೋಡಿ ನಂಬರ್ ಒತ್ತಿದರು. ಬ್ಯಾಗಿನಲ್ಲಿ ಅದೇ ಫೋನ್ ರಿಂಗಾಯಿತು... ಈ ಸಲ ಹುಡುಗಿ ಎತ್ತಿದಳು.

"ಹಲೋ... ಇಂದುಮತಿ ಮೇಡಂ ಮನಿಯವರ ಮಾತಾಡೂದು. ಹೇಳ್ರೀ..."

ಮೇಡಂ ಫೋನನ್ನು ಕಿವಿಗೆ ಒತ್ತಿಕೊಂಡೇ ಅತ್ತರು.

ಹೊರಗೆ ಚಹಾ ಕುಡಿದು ಬಂದ ಹುಡುಗಿಯರು ಬಾಗಿಲಲ್ಲೇ ನಿಂತರು. ಯಾರೂ ನಗಲಿಲ್ಲ.

*ನಮಗೆ ಯಾರಿದ್ದಾರೆ ಎಂದು ಹುಡುಕಿ ಸೋತಾಗ, ನಾವು ಯಾರಿಗಾದರೂ ಇದ್ದೇವಾ ಎಂದು ಕೇಳಿಕೊಂಡರೆ ಬಾಗಿಲು ತೆರೆಯುತ್ತದೆ.*

ನಿಮ್ಮ ನಂಬರ್ ಇವತ್ತು ಯಾರ ಖಾಲಿ ಕಾಲಂನಲ್ಲಿದೆ...?