ಹನ್ನೊಂದಕ್ಕೆ ಮೊದಲು

ಸರ್ಕಾರಿ ಮುದ್ರಣಾಲಯದ ಕತ್ತರಿ ಯಂತ್ರದ ಅಲಗು ಇಳಿದಾಗ, ಸರ್ಕಾರದ ಖರ್ಚಿನ ಮಸೂದೆಯ ಪ್ರತಿಗಳ ಜೊತೆ ಬೈಂಡರನ ಮೂರು ಬೆರಳೂ ತುಂಡಾದವು.

"ಥೂ, ಪುಟಕ್ಕೆಲ್ಲ ರಕ್ತ ಮಾಡಿದ್ಯಲ್ಲೋ! ಹನ್ನೊಂದಕ್ಕೆ ಸದನದಲ್ಲಿ ಪಾಸಾಗ್ಬೇಕು ಇದು," ಎಂದು ಮೇಲ್ವಿಚಾರಕ ಕಿರುಚಿದ.

ಅಲ್ಲೇ ಹಾಳೆ ಮಡಚುವ ಬೈಂಡರನ ಹೆಂಡತಿ ಗಂಡನ ಕೈಗೆ ಬಟ್ಟೆ ಬಿಗಿದಳು. "ಅಪಘಾತದ ಫಾರಂಗೆ ಸಹಿ ಹಾಕಿ ಸಾರ್."

"ಮಧ್ಯಾಹ್ನ ನೋಡೋಣಮ್ಮ, ಏನವಸರ?"

ಅವಸರ ಅವಳಿಗೆ ಗೊತ್ತಿತ್ತು. ರಸ್ತೆ, ಸೇತುವೆಗಳ ಖರ್ಚಿನ ನಡುವೆ ತುರುಕಿದ್ದ ಕಲಮನ್ನು ಬೆಳಗ್ಗೆ ಓದಿದ್ದಳು: ಮಸೂದೆ ಪಾಸಾಗುವ ಮೊದಲು ದಾಖಲಾಗದ ಅಪಘಾತಕ್ಕೆ ಇನ್ನು ಪರಿಹಾರವಿಲ್ಲ.

ಮೇಲ್ವಿಚಾರಕನ ಕೊರಳಪಟ್ಟಿ ಹಿಡಿದೆಳೆದು, ಅವನ ಎಡಗೈಯನ್ನು ಅಲಗಿನಡಿ ಅದುಮಿ, ಅಲಗು ಇಳಿಸುವ ಪೆಡಲಿನ ಮೇಲೆ ಕಾಲಿಟ್ಟಳು.

"ಬಲಗೈ ಬಿಟ್ಟಿದ್ದೀನಿ ಸಾರ್, ಸಹಿ ಹಾಕೋಕೆ."

ಅವನು ಫಾರಂ ಮೇಲೆ ಸಹಿ ಗೀಚಿದ.

"ಟೈಮೂ ಬರೀರಿ," ಎಂದಳು. ಕಾಲು ತೆಗೆಯಲಿಲ್ಲ.