ಇನ್ನೂರು ಕೈಗಳು

ಒಂದು ಆಕಾರವನ್ನು ನಿಧಾನವಾಗಿ ಇನ್ನೊಂದಾಗಿ ಬದಲಿಸುವ ಆ ಉಚಿತ ತಂತ್ರಾಂಶಕ್ಕೆ ಯಾರು ಬೇಕಾದರೂ ಕೋಡ್ ಬರೆದು ಕಳಿಸಬಹುದು. ಫೋಟೊದಲ್ಲಿನ ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಾಗಿಸುವ ಕೋಡನ್ನು ನಾನು ಮೂರು ಸಲ ಕಳಿಸಿದ್ದೆ. ಅದನ್ನು ಪರಿಶೀಲಿಸುವಾತ ಮೂರು ಸಲವೂ ಒಂದೇ ಸಾಲು ಬರೆದು ವಾಪಸ್ ಕಳಿಸಿದ: 'ಎಲ್ಲ ಕೈಗಳಿಗೂ ಹೊಂದುವುದಿಲ್ಲ.' ಪಿತ್ತ ನೆತ್ತಿಗೇರಿ ವಿಡಿಯೊ ಕರೆ ಮಾಡಿದೆ. ಆತ ಕ್ಯಾಮೆರಾ ಆನ್ ಮಾಡಲಿಲ್ಲ.

"ಏನ್ರೀ ನಿಮ್ಮ ತಕರಾರು? ಇನ್ನೂರು ಕೈ ಹಾಕಿ ನೋಡಿದೀನಿ, ಒಂದೂ ತಪ್ಪಿಲ್ಲ!"

"ಬೆರಳು ಐದಿಲ್ದಿದ್ರೆ ನಿಮ್ಮ ಕೋಡ್ ತಗೊಳಲ್ವಲ್ಲ ಸಾರ್."

"ಐದಿಲ್ದಿದ್ರೆ ಫೋಟೊ ಕೆಟ್ಟಿದೆ ಅಂತ ಅರ್ಥ. ಅದಕ್ಕೇ ಎಚ್ಚರಿಕೆ ಬರೋ ಹಾಗೆ ಬರೆದಿದೀನಿ. ಆರು ತಿಂಗಳು ತಲೆ ಕೆಡಿಸ್ಕೊಂಡು ಮಾಡಿದ್ದು ರೀ! ಕೂತಲ್ಲೇ ಬೇಡ ಅನ್ನೋಕೆ ನಿಮಗೇನು ಕಷ್ಟ? ಒಂದ್ಸಲನಾದ್ರೂ ಓಡಿಸಿ ನೋಡಿದೀರಾ?"

"ಮೂರು ಸಲವೂ ನೋಡಿದೆ. ಈಗಲೂ ಓಡಿಸ್ತೀನಿ, ನೀವೇ ನೋಡಿ."

ಆತ ತನ್ನ ಪರದೆ ನನಗೂ ಕಾಣುವಂತೆ ಮಾಡಿ, ನನ್ನ ಕೋಡ್ ಓಡಿಸಿ, ಕ್ಯಾಮೆರಾ ಆನ್ ಮಾಡಿ, ಬಲಗೈ ಎತ್ತಿ ಹಿಡಿದ. ಮೂರೇ ಬೆರಳಿನ ಆ ಕೈಯ ಮೇಲೆ ನಾನು ಬರೆದಿದ್ದ ಎಚ್ಚರಿಕೆ ಕೆಂಪಗೆ ಮೂಡಿತು: 'ಇದು ಕೈಯಲ್ಲ.'